ನಾಲ್ಕು ಚೀಟಿಗಳು, ನಾಲ್ವರು ಹ್ಯಾಮ್‌ಗಳು

ಒಗಟುಗಳಲ್ಲಿ ಎರಡು ಜಾತಿ. ಒಂದು, ಅಜ್ಜಿಯರು ಜಗಲಿಯ ಮೇಲೆ ಕುಳಿತು ಹೇಳುವುದು. ಅದರ ಉತ್ತರ ಮೊದಲೇ ಕೇಳಿದವರಿಗೆ ತಿಳಿದಿರುತ್ತದೆ. ಇಲ್ಲದವರು ಎಷ್ಟು ತಲೆ ಕೆರೆದುಕೊಂಡರೂ ಕೊನೆಗೆ ಸೋತೆವೆಂದು ಒಪ್ಪಿಕೊಳ್ಳಬೇಕಾಗುತ್ತದೆ. ಇನ್ನೊಂದು ಜಾತಿಯದರಲ್ಲಿ ಗುಟ್ಟೆಂಬುದೇ ಇಲ್ಲ. ಬೇಕಾದುದನ್ನೆಲ್ಲ ಒಗಟು ಕಟ್ಟಿದವರೇ ನಮ್ಮ ಮುಂದೆ ಹರಡಿಟ್ಟಿರುತ್ತಾರೆ. ಇದು ಅಲ್ಲ, ಅದು ಅಲ್ಲ ಎಂದು ಒಂದೊಂದನ್ನೇ ಬದಿಗೆ ಸರಿಸುತ್ತ ಹೋದರೆ ಕೊನೆಗೆ ಉಳಿಯುವುದೇ ಉತ್ತರ. ಮೊದಲನೆಯದಕ್ಕೆ ಅಜ್ಜಿ ಬೇಕು. ಎರಡನೆಯದಕ್ಕೆ ತಾಳ್ಮೆ ಸಾಕು. ನನ್ನ ಪಕ್ಷಪಾತ ಎರಡನೆಯದರ ಕಡೆಗೆ. ನನ್ನಂಥವಳಿಗೆ, ಅಂದರೆ ಮನೆಯಲ್ಲಿ ಯಾರೂ ಕಾಲೇಜಿನ ಮೆಟ್ಟಿಲು ಹತ್ತದಿದ್ದವಳಿಗೆ, ಮೊದಲೇ ತಿಳಿದಿರಬೇಕಾದ ವಿಷಯಗಳೇ ಜೀವನದಲ್ಲಿ ಎಷ್ಟೋ ಎದುರಾಗುತ್ತವೆ. ಅರ್ಜಿಯ ಯಾವ ಮೂಲೆಯಲ್ಲಿ ಸಹಿ ಹಾಕಬೇಕು, ಯಾವ ಕಿಟಕಿಯಲ್ಲಿ ಫೀಸು ಕಟ್ಟಬೇಕು ಎಂಬವೆಲ್ಲ ಅಜ್ಜಿಯ ಒಗಟುಗಳೇ. ಎಲ್ಲರಿಗೂ ಸಮನಾಗಿ ಸುಳಿವು ಕೊಟ್ಟು ‘ಈಗ ಬಿಡಿಸಿ’ ಎನ್ನುವ ಒಗಟು ಕಂಡರೆ ನನಗೆ ಒಂದು ಬಗೆಯ ನ್ಯಾಯ ಕಂಡಂತಾಗುತ್ತದೆ.

ಈಗಿನ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಇಂಥವನ್ನು ತಪ್ಪದೆ ಕೇಳುತ್ತಾರೆ. ಎಂಟು ಮಂದಿ ದುಂಡು ಮೇಜಿನ ಸುತ್ತ ಕುಳಿತಿರುತ್ತಾರೆ, ಇಬ್ಬರು ಹೊರಗೆ ಮುಖ ಮಾಡಿರುತ್ತಾರೆ. ಹೊರಗೆ ಮುಖ ಮಾಡಿ ಊಟಕ್ಕೆ ಕುಳಿತವರನ್ನು ನಾನಂತೂ ಯಾವ ಮದುವೆಯಲ್ಲಿಯೂ ಕಂಡಿಲ್ಲ. ಈ ಕುಲಕ್ಕೆಲ್ಲ ಹಿರಿಯ ಎನ್ನಬಹುದಾದ ಒಗಟೊಂದು 1962ರ ಡಿಸೆಂಬರ್ 17ರ ‘ಲೈಫ್ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಅಚ್ಚಾಯಿತು. ಐದು ಮನೆ, ಐದು ಬಣ್ಣ, ಐದು ದೇಶದವರು. ನೀರು ಕುಡಿಯುವವನಾರು, ಜೀಬ್ರಾ ಸಾಕಿದವನಾರು ಎಂಬುದು ಪ್ರಶ್ನೆ. ಅದನ್ನು ಐನ್‌ಸ್ಟೈನ್ ಬಾಲ್ಯದಲ್ಲಿ ರಚಿಸಿದರೆಂದು ಹೇಳುವವರುಂಟು; ಅದಕ್ಕೆ ಆಧಾರವಿಲ್ಲ. ದೊಡ್ಡವರ ಹೆಸರು ಅಂಟಿಸದಿದ್ದರೆ ಒಗಟಿಗೂ ಮರ್ಯಾದೆ ಸಿಗದ ಕಾಲ!

ಆದರೆ ಉಳಿದುದೇ ಉತ್ತರವೆಂಬ ಈ ಉಪಾಯ ಪಶ್ಚಿಮದವರ ಸ್ವಂತ ಆಸ್ತಿಯಲ್ಲ. ಗೌತಮನ ನ್ಯಾಯಸೂತ್ರದಲ್ಲಿ ಅನುಮಾನಕ್ಕೆ ಮೂರು ಬಗೆ ಹೇಳಿದೆ: ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ. ಇವುಗಳಲ್ಲಿ ಶೇಷವತ್ ಎಂಬುದಕ್ಕೆ ಭಾಷ್ಯಕಾರನಾದ ವಾತ್ಸ್ಯಾಯನ ಕೊಡುವ ಅರ್ಥಗಳಲ್ಲಿ ಒಂದು ‘ಪರಿಶೇಷ’, ಎಂದರೆ ಉಳಿಕೆ. ಅವನ ಉದಾಹರಣೆ ಬಹಳ ಸೊಗಸಾಗಿದೆ. ಶಬ್ದವೆಂಬುದು ಏನು? ಅದು ದ್ರವ್ಯವೋ, ಗುಣವೋ, ಕರ್ಮವೋ ಆಗಿರಬೇಕು. ದ್ರವ್ಯವಲ್ಲವೆಂಬುದಕ್ಕೆ ಒಂದು ಕಾರಣ, ಕರ್ಮವಲ್ಲವೆಂಬುದಕ್ಕೆ ಇನ್ನೊಂದು ಕಾರಣ ಕೊಟ್ಟು, ಉಳಿದದ್ದು ಗುಣ, ಆದ್ದರಿಂದ ಶಬ್ದ ಗುಣವೇ ಎಂದು ಮುಗಿಸುತ್ತಾನೆ. ಅದು ಆಕಾಶದ ಗುಣವೆಂಬುದು ನಮ್ಮ ಹಿರಿಯರ ಮತ. ರೇಡಿಯೋ ಅಲೆ ಶಬ್ದವಲ್ಲವೆಂದೂ, ಅದು ಬೆಳಕಿನ ಬಳಗದ್ದೆಂದೂ ನಮ್ಮ ವಿಜ್ಞಾನದ ಮಿತ್ರರು ಈಗಾಗಲೇ ಕೈ ಎತ್ತಿರುವರು. ತಿಳಿದಿದೆ. ಆದರೂ ಆಕಾಶ, ಶಬ್ದ, ಉಳಿಕೆ ಈ ಮೂರು ಒಂದೇ ಸಾಲಿನಲ್ಲಿ ಬಂದದ್ದು ನನಗೆ ತುಂಬ ಹಿಡಿಸಿತು. ಏಕೆಂದರೆ ನನ್ನ ಒಗಟು ಆಕಾಶದಲ್ಲಿ ಮಾತಾಡುವವರದು.

ನಮ್ಮ ಅವ್ವ ಎರಡು ಹಸು ಸಾಕಿದ್ದಾಳೆ. ಡೈರಿಗೆ ಹಾಕಿ ಉಳಿದ ಹಾಲನ್ನು ಪೇಟೆಯ ಹತ್ತಾರು ಮನೆಗಳಿಗೆ ವರ್ತನೆಯಾಗಿ ಕೊಡುತ್ತಾಳೆ. ಬೆಳಗ್ಗೆ ಕಾಲೇಜಿಗೆ ಬರುವ ಮೊದಲು ಆ ಕ್ಯಾನು ನನ್ನ ಕೈಯಲ್ಲಿರುತ್ತದೆ. ವರ್ತನೆಯ ಮನೆಗಳಲ್ಲಿ ಒಂದು ತಂತಿ ಇಲಾಖೆಯಲ್ಲಿದ್ದು ನಿವೃತ್ತರಾದ ಹಿರಿಯರದು. ದೇಶದ ತಂತಿ ಸೇವೆ 2013ರ ಜುಲೈಯಲ್ಲಿ ನಿಂತುಹೋಯಿತು. ಅವರ ಮನೆಯಲ್ಲಿ ಮಾತ್ರ ನಿಲ್ಲಲಿಲ್ಲ. ಎರಡು ತೆಂಗಿನ ಮರಗಳ ನಡುವೆ ತಾಮ್ರದ ತಂತಿ ಎಳೆದು, ಬಾಗಿಲ ಪಕ್ಕದ ಕೋಣೆಯಲ್ಲಿ ಯಂತ್ರವನ್ನಿಟ್ಟುಕೊಂಡು ಬೆಳಗಿನ ಜಾವಕ್ಕೇ ಕುಳಿತಿರುತ್ತಾರೆ. ನಾನು ಅರ್ಧ ಲೀಟರು ಅಳೆಯುವಾಗ ಒಳಗಿನಿಂದ ‘ಡಾ-ಡಿ-ಡಾ-ಡಿ, ಡಾ-ಡಾ-ಡಿ-ಡಾ’ ಎಂದು ಕೇಳಿಸುತ್ತಿತ್ತು. ಅದು ‘ಸಿಕ್ಯು’ ಎಂಬ ಎರಡು ಅಕ್ಷರವೆಂದೂ, ‘ಯಾರಾದರೂ ಇದ್ದೀರಾ?’ ಎಂಬುದು ಅದರ ಅರ್ಥವೆಂದೂ ಅವರೇ ಹೇಳಿಕೊಟ್ಟರು. ಹೆಸರು ಹಿಡಿದು ಕೂಗದೆ ಇಡೀ ಭೂಮಂಡಲವನ್ನು ಕುರಿತು ಯಾರಿದ್ದೀರಿ ಎಂದು ಕೇಳುವುದು! ಹಾಲಿನವಳಾದ ನಾನೂ ಬೀದಿಯಲ್ಲಿ ಮಾಡುವುದು ಅದನ್ನೇ ಅಲ್ಲವೆ?

ಹೀಗೆ ಲಾಭದ ಆಸೆಯಿಲ್ಲದೆ, ಸರ್ಕಾರದ ಪರವಾನಗಿ ಪಡೆದು, ತಮ್ಮ ಮನೆಯಿಂದಲೇ ಬಾನುಲಿಯಲ್ಲಿ ಮಾತಾಡುವ ಹವ್ಯಾಸಿಗಳಿಗೆ ‘ಹ್ಯಾಮ್’ ಎಂದು ಹೆಸರು. ಪರವಾನಗಿಗೆ ಪರೀಕ್ಷೆಯುಂಟು, ಹನ್ನೆರಡು ವರ್ಷ ತುಂಬಿದವರು ಯಾರು ಬೇಕಾದರೂ ಕೂರಬಹುದು. ತೇರ್ಗಡೆಯಾದವರಿಗೆ ಒಂದು ಕರೆಸಂಕೇತ ಸಿಗುತ್ತದೆ. ನಮ್ಮ ದೇಶದವು ‘ವಿಯು’ ಎಂದು ಮೊದಲಾಗುತ್ತವೆ. ಅಂಡಮಾನಿನವು ‘ವಿಯು4’, ಲಕ್ಷದ್ವೀಪದವು ‘ವಿಯು7’. 2004ರ ಡಿಸೆಂಬರಿನ ಸುನಾಮಿಯಲ್ಲಿ ಅಂಡಮಾನಿನ ಸುದ್ದಿಸಂಪರ್ಕ ಕಡಿದುಹೋದಾಗ, ಹವ್ಯಾಸಕ್ಕೆಂದು ಅಲ್ಲಿಗೆ ಹೋಗಿದ್ದ ಹ್ಯಾಮ್‌ಗಳೇ ದ್ವೀಪಗಳ ಸುದ್ದಿಯನ್ನು ಹೊರಕ್ಕೆ ಮುಟ್ಟಿಸಿದರು. ಇದು ಎಂಜಿನಿಯರುಗಳ ಕೆಲಸ, ಕಲಾ ವಿಭಾಗದವರಿಗೇಕೆ ಎಂದು ಕೇಳುವವರಿಗೆ ಒಂದು ಮಾತು. 1935ರಲ್ಲಿ ಮೈಸೂರಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ ‘ಆಕಾಶವಾಣಿ’ ಎಂಬ ಹೆಸರಿನಿಂದ ಖಾಸಗಿ ಬಾನುಲಿ ಕೇಂದ್ರ ತೆರೆದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಮುಂದೆ ಇಡೀ ದೇಶದ ಬಾನುಲಿಗೆ ಆ ಹೆಸರೇ ನಿಂತಿತು.

ಇಬ್ಬರು ಹ್ಯಾಮ್‌ಗಳು ಮಾತಾಡಿದ ಮೇಲೆ ಒಬ್ಬರಿಗೊಬ್ಬರು ಒಂದು ಕಾರ್ಡು ಕಳುಹಿಸುವ ಪದ್ಧತಿಯಿದೆ. ‘ಕ್ಯುಎಸ್‌ಎಲ್ ಚೀಟಿ’ ಎನ್ನುತ್ತಾರೆ. ಇಂಥ ದಿನ, ಇಂಥ ಹೊತ್ತಿನಲ್ಲಿ, ಇಷ್ಟು ಮೀಟರ್ ಅಲೆಯಲ್ಲಿ ನಿಮ್ಮ ದನಿ ನಮಗೆ ಕೇಳಿಸಿತು ಎಂಬ ಒಪ್ಪಿಗೆ ಅದು. ಹಿರಿಯರ ಬಳಿ ಇಂಥವು ಎರಡು ಬೂಟಿನ ಪೆಟ್ಟಿಗೆಗಳ ತುಂಬ ಇವೆ. ಕಳೆದ ಮುಂಗಾರಿನಲ್ಲಿ ಗೇಟಿನ ಡಬ್ಬಿಯೊಳಗೆ ಮಳೆನೀರು ನುಗ್ಗಿ ಹೊಸ ಚೀಟಿಗಳ ಶಾಯಿ ಕಲಸಿಹೋಯಿತು. ಅವನ್ನು ಒಲೆಯ ಕಟ್ಟೆಯ ಮೇಲೆ ಒಣಗಹಾಕುತ್ತಿದ್ದ ಅವರನ್ನು ಕಂಡಾಗ ನನಗೆ ಈ ಒಗಟು ಹೊಳೆಯಿತು. ನಮ್ಮ ತರ್ಕಶಾಸ್ತ್ರದ ಉಪನ್ಯಾಸಕರಿಗೆ ತೋರಿಸಿದ್ದೇನೆ. ಇಲ್ಲಿ ಎಲ್ಲರಿಗೂ ಒಪ್ಪಿಸುತ್ತೇನೆ.

ನಾಲ್ವರು ಹ್ಯಾಮ್‌ಗಳು. ಅವರಿಗೆ ಹೆಸರಿಡುವ ಗೋಜು ಬೇಡ. ಹಾಸನದವರು, ಗದಗಿನವರು, ಕಾರವಾರದವರು, ಬೀದರಿನವರು ಎಂದರೆ ಸಾಕು. ಒಬ್ಬರು ವೈದ್ಯರು, ಒಬ್ಬರು ಶಾಲೆಯ ಮೇಷ್ಟ್ರು, ಒಬ್ಬರು ರೈತರು, ಒಬ್ಬರು ಗಡಿಯಾರ ರಿಪೇರಿ ಮಾಡುವವರು. ಅವರು ಬಳಸಿದ ಅಲೆಗಳು 80, 40, 20, 15 ಮೀಟರಿನವು, ಒಬ್ಬೊಬ್ಬರಿಗೆ ಒಂದೊಂದು. ಮಾತಾಡಿದ್ದು ಶ್ರೀಲಂಕಾ, ನೇಪಾಳ, ಜಪಾನ್, ಇಂಗ್ಲೆಂಡುಗಳೊಡನೆ, ಅದೂ ಒಬ್ಬೊಬ್ಬರು ಒಂದೊಂದರೊಡನೆ. ನಾಲ್ಕು ದೇಶಗಳಿಂದ ನಾಲ್ಕು ಚೀಟಿ ಬಂದಿವೆ. ಮಳೆಯಲ್ಲಿ ನೆನೆದು ದೇಶದ ಹೆಸರೊಂದುಳಿದು ಬೇರೆಲ್ಲ ಅಳಿಸಿಹೋಗಿದೆ. ಯಾವ ಚೀಟಿ ಯಾರದು?

ಸುಳಿವುಗಳು ಏಳು. ಮೊದಲನೆಯದು, ಹಾಸನದವರ ಅಲೆಯ ಉದ್ದ ಶ್ರೀಲಂಕಾದೊಡನೆ ಮಾತಾಡಿದವರ ಅಲೆಯ ಉದ್ದದಲ್ಲಿ ಸರಿಯಾಗಿ ಅರ್ಧ. ಎರಡನೆಯದು, ಕಾರವಾರದವರು ಮೇಷ್ಟ್ರು. ಮೂರನೆಯದು, ರೈತರ ಅಲೆ 80 ಮೀಟರಿನದು. ನಾಲ್ಕನೆಯದು, ಆ ರೈತರು ಗದಗಿನವರಲ್ಲ. ಐದನೆಯದು, ನೇಪಾಳಕ್ಕೆ ಹೋದ ಅಲೆ ಶ್ರೀಲಂಕಾಕ್ಕೆ ಹೋದ ಅಲೆಗಿಂತ ಉದ್ದ. ಆರನೆಯದು, ವೈದ್ಯರ ಗೆಳೆಯನ ದೇಶದ ಗಡಿಯಾರವೂ ನಮ್ಮ ದೇಶದ ಗಡಿಯಾರವೂ ಒಂದೇ ಹೊತ್ತನ್ನು ತೋರಿಸುತ್ತವೆ. ಏಳನೆಯದು, ಗಡಿಯಾರ ರಿಪೇರಿಯವರು ಇಂಗ್ಲೆಂಡಿನೊಡನೆ ಮಾತಾಡಿಲ್ಲ.

ಸುಮ್ಮನೆ ಊಹಿಸುತ್ತ ಹೋಗುವವರಿಗೆ ಎಚ್ಚರಿಕೆ: ವೃತ್ತಿಗಳನ್ನು ಊರುಗಳಿಗೆ ಹಂಚುವ ಬಗೆ 24, ಅಲೆಗಳಿಗೆ 24, ದೇಶಗಳಿಗೆ 24. ಒಟ್ಟು 13,824 ಹಂಚಿಕೆಗಳು. ಅವುಗಳಲ್ಲಿ ಸರಿಯಾದುದು ಒಂದೇ. ಇಲ್ಲಿ ನಿಲ್ಲಿಸಿ ಕಾಗದ ಹಿಡಿಯಬಯಸುವವರು ಹಿಡಿಯಬಹುದು; ಮುಂದೆ ಉತ್ತರವಿದೆ.

ಆರನೆಯ ಸುಳಿವಿಗೆ ಉಪನ್ಯಾಸಕರು ಆಕ್ಷೇಪಿಸಿದರು. ಶ್ರೀಲಂಕಾದ ಹೊತ್ತೂ ನಮ್ಮ ಹೊತ್ತೂ ಒಂದೇ, ನೇಪಾಳ ಕಾಲು ಗಂಟೆ ಮುಂದೆ, ಜಪಾನ್ ಮೂರೂವರೆ ಗಂಟೆ ಮುಂದೆ, ಇಂಗ್ಲೆಂಡು ಹಿಂದೆ ಎಂಬುದು ಒಗಟಿನ ಹೊರಗಿನ ಜ್ಞಾನ. ಶುದ್ಧ ತರ್ಕದಲ್ಲಿ ಹೊರಗಿನದು ಬರಕೂಡದು ಎಂದರು. ನಾನು ಒಪ್ಪಲಿಲ್ಲ. ಅಳತೆ ಸರಿಯಿದ್ದರೆ ಸಾಲದು, ಹಾಲೂ ಹಾಲೇ ಆಗಿರಬೇಕು. ಒಗಟಿನಲ್ಲಿ ಹೇಳಿದ್ದು ಲೋಕದಲ್ಲಿಯೂ ನಡೆಯುವಂಥದಾಗಿರಬೇಕೆಂಬುದು ನನ್ನ ಹಟ. ಅದಕ್ಕೆಂದೇ ರೈತರಿಗೆ 80 ಮೀಟರನ್ನು ಕೊಟ್ಟೆ. ಹಗಲಿನಲ್ಲಿ ಸೂರ್ಯನ ಕಿರಣಗಳಿಂದ ನೆಲದಿಂದ ಸುಮಾರು 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ ಒಂದು ಪದರ ಏರ್ಪಟ್ಟು ಇಂಥ ಉದ್ದನೆಯ ಅಲೆಗಳನ್ನು ಹೀರಿಬಿಡುತ್ತದೆ. ಹೊತ್ತು ಮುಳುಗಿದರೆ ಆ ಪದರ ಕರಗುತ್ತದೆ; ಅಲೆ ಇನ್ನೂ ಮೇಲಿನ ಪದರವನ್ನು ಮುಟ್ಟಿ, ಬಾಗಿ, ದೂರದ ನೆಲಕ್ಕೆ ಇಳಿಯುತ್ತದೆ. ರಾತ್ರಿ ತ್ರೀಫೇಸ್ ಕರೆಂಟು ಬಂದ ಮೇಲೆ ನೀರು ಹಾಯಿಸಲು ಎದ್ದಿರುವ ರೈತನಿಗಲ್ಲದೆ ಆ ಅಲೆ ಇನ್ನಾರಿಗೆ ಒಗ್ಗೀತು? ಪಂಪುಸೆಟ್ಟಿನ ಸ್ಟಾರ್ಟರು ಮಾತ್ರ ಕೇಳುವ ಪೆಟ್ಟಿಗೆಯಲ್ಲಿ ಗೊರಗೊರ ಎನ್ನಿಸುತ್ತದೆಂದು ಹಿರಿಯರು ನಕ್ಕರು. ನಕ್ಷೆ ಬಿಡಿಸಿದವರಿಗೆ ತಿಳಿಯದ್ದು ನೇಗಿಲು ಹಿಡಿದವರಿಗೆ ತಿಳಿಯುವಂತೆ, ಇದು ಯಂತ್ರದ ಮುಂದೆ ಕುಳಿತವರಿಗೇ ತಿಳಿಯುವ ಸಂಗತಿ.

ಇನ್ನು ಬಿಡಿಸುವ ಬಗೆ. ಅರ್ಧದ ಲೆಕ್ಕ ಹೊಂದುವುದು ಎರಡೇ ರೀತಿ: ಹಾಸನ 40 ಆಗಿ ಶ್ರೀಲಂಕಾ 80, ಇಲ್ಲವೆ ಹಾಸನ 20 ಆಗಿ ಶ್ರೀಲಂಕಾ 40. ಹೇಗಾದರೂ ಹಾಸನದವರು 80 ಅಲ್ಲ, ಆದ್ದರಿಂದ ರೈತರೂ ಅಲ್ಲ. ಕಾರವಾರದವರು ಮೇಷ್ಟ್ರು, ಗದಗಿನವರು ರೈತರಲ್ಲವೆಂದು ಹೇಳಿಯೇ ಇದೆ. ಉಳಿದವರು ಬೀದರಿನವರು. ಅವರೇ ರೈತರು, 80 ಮೀಟರು ಅವರದು. ಶ್ರೀಲಂಕಾ 80 ಆದರೆ ನೇಪಾಳದ ಅಲೆ ಅದಕ್ಕಿಂತ ಉದ್ದವಾಗಲು ಜಾಗವೇ ಇಲ್ಲ. ಹಾಗಾಗಿ ಶ್ರೀಲಂಕಾ 40, ಹಾಸನ 20; ನೇಪಾಳ 80, ಎಂದರೆ ಬೀದರಿಗೆ. ಶ್ರೀಲಂಕಾದ ಚೀಟಿ ವೈದ್ಯರದು, ಅವರ ಅಲೆ 40; ಅವರು ಹಾಸನ, ಕಾರವಾರ, ಬೀದರ್ ಯಾವ ಊರಿನವರೂ ಆಗಲಾರರು, ಉಳಿದದ್ದು ಗದಗು. ಅಲ್ಲಿಗೆ ಹಾಸನದವರು ಗಡಿಯಾರದವರು, ಕಾರವಾರಕ್ಕೆ 15 ಮೀಟರು. ಗಡಿಯಾರದವರಿಗೆ ಇಂಗ್ಲೆಂಡು ಅಲ್ಲವಾದ್ದರಿಂದ ಜಪಾನಿನ ಚೀಟಿ ಹಾಸನಕ್ಕೆ, ಇಂಗ್ಲೆಂಡಿನದು ಕಾರವಾರದ ಮೇಷ್ಟ್ರಿಗೆ.

ಇದು ನನ್ನ ದಾರಿ. ಅವ್ವನದು ಬೇರೆ. ಅವ್ವನಿಗೆ ಓದು ಬಾರದು; ಹಾಲಿನ ಲೆಕ್ಕವೆಲ್ಲ ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನ ಗೀಟುಗಳಾಗಿ ನಿಂತಿರುತ್ತದೆ. ಆದರೆ ಹತ್ತು ಮನೆಯ ಚೊಂಬುಗಳ ಮುಚ್ಚಳ ಅದಲುಬದಲಾದರೆ ಯಾವುದು ಯಾರದೆಂದು ಗಳಿಗೆಯಲ್ಲಿ ಹೇಳಿಬಿಡುತ್ತಾಳೆ. ಒಂದು ಸಂಜೆ ಅವಳಿಗೆ ಒಗಟನ್ನು ಓದಿ ಹೇಳಿದೆ. ನಾಲ್ಕು ಲೋಟಗಳನ್ನು ನಾಲ್ಕು ಊರೆಂದು ಸಾಲಾಗಿಟ್ಟಳು. ಕಡಲೆ, ಹುರುಳಿ, ಅವರೆ, ಹುಣಸೆಬೀಜ ತೆಗೆದುಕೊಂಡಳು. ಸುಳಿವು ಕೇಳುವ ಮೊದಲು ಅವಳ ಪ್ರಶ್ನೆ ಇದು: “ನಾಲ್ಕೇ ಜನಾನಾ? ಇನ್ಯಾರೂ ಬಾಕಿ ಇಲ್ವಲ್ಲ?”

“ಇಲ್ಲ ಕಣವ್ವ, ನಾಲ್ಕೇ.”

“ಹಂಗಾದ್ರೆ ಸರಿ. ಬಾಕಿ ಇದ್ರೆ ಈ ಆಟ ನಡೆಯಾಕಿಲ್ಲ.”

ಎರಡು ಸಾರಿ ಓದಿಸಿದಳು. ನಾನು ಅಲೆಯ ಉದ್ದದಿಂದ ತಳ್ಳಿಹಾಕಿದ್ದನ್ನು ಅವಳು ಮನುಷ್ಯರಿಂದ ತಳ್ಳಿಹಾಕಿದಳು. “ಎಂಬತ್ತರೋನು ರೈತ ಅಂದೆ. ಸಿಂಹಳದ ಚೀಟಿ ಡಾಕ್ಟ್ರುದು ಅಂದೆ. ರೈತ ಡಾಕ್ಟ್ರಲ್ಲ. ಹಂಗಂದ್ಮೇಲೆ ಸಿಂಹಳ ಎಂಬತ್ತರಾಗೆ ಎಲ್ಲಿಂದ ಬಂತು?” ನೇಪಾಳದ ಸುಳಿವನ್ನು ಮುಟ್ಟದೆಯೇ ಆ ಬಾಗಿಲು ಮುಚ್ಚಿತು. ಒಗಟು ಕಟ್ಟಿದವಳಿಗೆ ಕಾಣದ ದಾರಿ! ಮರುದಿನ ಇದನ್ನು ಹೇಳಿದಾಗ ಉಪನ್ಯಾಸಕರು ಕರಿಹಲಗೆಯ ಮೇಲೆ ಎರಡು ದಾರಿಗಳನ್ನೂ ಬರೆದು, ಎರಡನೆಯದು ಲೇಸೆಂದರು. ನನಗೂ ಹಾಗೆಯೇ ಅನ್ನಿಸಿತು.

ಬಾಕಿ ಇದ್ದರೆ ಆಟ ನಡೆಯದೆಂಬ ಅವಳ ಮಾತು ನಮ್ಮ ಮನೆಯಲ್ಲಿ ಬೇಗನೆ ಉಪಯೋಗಕ್ಕೆ ಬಂತು. ಮಾಘ ಮುಗಿಯುತ್ತ ಅಪ್ಪ ವರ್ಷದ ಖರ್ಚಿಗೆ ಕುಳಿತ. ಪಕ್ಕದಲ್ಲಿ ನಮ್ಮ ಸೋದರತ್ತೆ. ದುಡ್ಡು ಇದ್ದದ್ದು ಮೂರು ಖರ್ಚಿಗೆ, ಖರ್ಚುಗಳು ನಾಲ್ಕು. ಸಂಘದ ಸಾಲದ ಕಂತು, ತಮ್ಮನ ಡಿಪ್ಲೊಮಾ ಫೀಸು, ಮಳೆಗೆ ಮೊದಲು ಮನೆಯ ಹೆಂಚು, ಮುಂದಿನ ವರ್ಷಕ್ಕೆ ನನ್ನ ಬಿ.ಎಡ್. ಅಪ್ಪ ಬೆರಳು ಮಡಿಚುತ್ತ ಹೋದ. ಕಂತು ನಿಂತರೆ ಸಂಘದ ಹತ್ತು ಹೆಂಗಸರ ಮುಂದೆ ಅವ್ವನ ಮಾನ ಹೋಗುತ್ತದೆ, ಅದು ಆಗದು. ಹುಡುಗನನ್ನು ನಡುವೆ ಬಿಡಿಸಿದರೆ ಕಟ್ಟಿದ್ದೂ ನೀರಿಗೆ ಹೋಗುತ್ತದೆ, ಅದೂ ಆಗದು. ಮಳೆ ನಮಗಾಗಿ ಕಾಯುವುದಿಲ್ಲ. ಉಳಿದದ್ದು ಒಂದೇ ಬೆರಳು. ಅಪ್ಪನ ದನಿಯಲ್ಲಿ ಕೋಪವಿರಲಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದುಬಂದವನ ಸಮಾಧಾನವಿತ್ತು. “ಹೆಣ್ಣುಮಗು ಡಿಗ್ರಿ ಮುಗಿಸ್ತಲ್ಲ, ಇನ್ನೇನು?” ಎಂದು ಸೋದರತ್ತೆ ಮುದ್ರೆ ಒತ್ತಿದಳು.

ತರ್ಕದ ದೃಷ್ಟಿಯಿಂದ ಅಪ್ಪನ ಮಾತಿನಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಪರಿಶೇಷಾನುಮಾನ ಹೀಗೆಯೇ ನಡೆಯುವುದು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಲೆಕ್ಕ ಹೀಗೆ ಅಚ್ಚುಕಟ್ಟಾಗಿ ಇಳಿದು ಕೊನೆಗೆ ನಿಲ್ಲುವುದು ಹೆಣ್ಣುಮಕ್ಕಳ ಓದಿನ ಮೇಲೆಯೇ. ನನ್ನ ಜೊತೆ ಪಿಯುಸಿ ಓದಿದವರಲ್ಲಿ ಎಷ್ಟು ಮಂದಿ ಈ ಸಂಚಿಕೆಯನ್ನು ಓದುತ್ತಿಲ್ಲವೆಂದು ಎಣಿಸಿದರೆ ಗೊತ್ತಾಗುತ್ತದೆ. ನಾನು ಸುಮ್ಮನೆ ಕುಳಿತಿದ್ದೆ. ಹಟ್ಟಿಯಿಂದ ಕೈ ತೊಳೆದುಕೊಂಡು ಬಂದ ಅವ್ವ ಕೇಳಿದಳು:

“ನಾಲ್ಕೇನಾ? ಊರಬ್ಬ ಎಲ್ಲಿ ಬಿಟ್ರಿ?”

ಊರ ಹಬ್ಬ ಅಪ್ಪನ ಪಟ್ಟಿಯಲ್ಲಿ ಇರಲಿಲ್ಲ. ಅದು ಖರ್ಚೆಂದು ಯಾರಿಗೂ ತೋರಿರಲಿಲ್ಲ. ಮರಿ ಕಡಿದು ನೆಂಟರನ್ನು ಕರೆಯುವುದು, ಮನೆಗೆ ಬಂದ ಹೆಣ್ಣುಮಕ್ಕಳಿಗೆ ಸೀರೆ ಕೊಡುವುದು, ಅದಕ್ಕೆಂದು ಕೈಗಡ ತರುವುದು, ಇವೆಲ್ಲ ಮಳೆ ಬಿಸಿಲಿನಂತೆ ತಾವಾಗಿ ಬಂದುಹೋಗುವ ಸಂಗತಿಗಳೆಂದೇ ನಮ್ಮೆಲ್ಲರ ಭಾವನೆ. ಅವ್ವ ಐದನೆಯ ಬೆರಳನ್ನು ಬಿಡಿಸಿ ಹಿಡಿದಳು. ಅಪ್ಪ ಬಹಳ ಹೊತ್ತು ಆ ಬೆರಳನ್ನೇ ನೋಡಿದ. ಸೋದರತ್ತೆ ಎಲೆಯಡಕೆಯ ಚೀಲ ಕಟ್ಟಿಕೊಂಡು ಎದ್ದಳು.

ಈ ಸಲ ನಮ್ಮ ಮನೆಯಲ್ಲಿ ಮರಿ ಕಡಿಯಲಿಲ್ಲ. ದೇವರಿಗೆ ಕಾಯಿ ಒಡೆದು, ಮನೆಯವರಷ್ಟೇ ಒಬ್ಬಟ್ಟು ಉಂಡೆವು. ಸೀರೆಯಿಲ್ಲದ ಹಬ್ಬಕ್ಕೆ ಸೋದರತ್ತೆ ಬರಲಿಲ್ಲ. ಈಗಲೂ ಮಾತು ಬಿಟ್ಟಿದ್ದಾಳೆ. ಎತ್ತಿ ಆಡಿಸಿದವಳು ಮಾತು ಬಿಟ್ಟರೆ ನೋವಾಗದೆ ಇರುವುದಿಲ್ಲ. ಅಪ್ಪನಿಗೆ ಊರಿನಲ್ಲಿ ಒಂದೆರಡು ಕುಹಕದ ಮಾತುಗಳೂ ಬಿದ್ದಿವೆ. ಪರೀಕ್ಷೆ ಮುಗಿದ ಮೇಲೆ ನಾನು ಬಿ.ಎಡ್.ಗೆ ಅರ್ಜಿ ಹಾಕುವುದೆಂದು ತೀರ್ಮಾನವಾಗಿದೆ. ಸೀಟು ಸಿಕ್ಕರೆ ಹೋಗುತ್ತೇನೆ. ಸಿಗದಿದ್ದರೆ ಏನೆಂಬುದಕ್ಕೆ ಇನ್ನೊಂದು ಪಟ್ಟಿ ಮಾಡಬೇಕು. ಹ್ಯಾಮ್ ಪರವಾನಗಿಯ ಪರೀಕ್ಷೆಗೂ ಓದಿಕೊಳ್ಳುತ್ತಿದ್ದೇನೆ. ಕೆಳದರ್ಜೆಯ ಪರವಾನಗಿಗೆ ಡಾ-ಡಿ ಕಲಿಯಬೇಕಾಗಿಲ್ಲವಂತೆ. ಹಿರಿಯರು ಮಾತ್ರ ಕಲಿತೇ ತೀರಬೇಕೆಂದು ದಿನಕ್ಕೆರಡು ಅಕ್ಷರದಂತೆ ಗೇಟಿನ ಬಳಿಯೇ ಪಾಠ ಹೇಳುತ್ತಾರೆ. ಹಾಲು ಅಳೆಯುವುದು ಅಷ್ಟರಮಟ್ಟಿಗೆ ತಡವಾಗುತ್ತಿದೆ.

ಒಗಟು ಬಿಡಿಸಿ ಮುಗಿಸಿದವರಿಗೆ ಇನ್ನೊಂದು ಕೆಲಸ ಬಾಕಿಯಿದೆ. ಐದನೆಯ ಸುಳಿವನ್ನು, ಅಂದರೆ ನೇಪಾಳದ ಅಲೆಯ ಮಾತನ್ನು, ಹೊಡೆದುಹಾಕಿ ಮತ್ತೆ ಮೊದಲಿನಿಂದ ಬಿಡಿಸಿ ನೋಡಿ. ಊರು, ವೃತ್ತಿ, ಅಲೆ ಮೂರೂ ಕದಲದೆ ನಿಲ್ಲುತ್ತವೆ. ಗದಗಿನ ವೈದ್ಯರ ಚೀಟಿಯೂ ಅವರಿಗೇ ತಲುಪುತ್ತದೆ. ಉಳಿದ ಮೂರು ಚೀಟಿಗಳು ಮಾತ್ರ ತಮ್ಮತಮ್ಮಲ್ಲಿ ಜಾಗ ಬದಲಿಸತೊಡಗುತ್ತವೆ, ಉತ್ತರ ಒಂದಿದ್ದದ್ದು ನಾಲ್ಕಾಗುತ್ತದೆ. ಆ ನಾಲ್ಕು ಯಾವುವೆಂದು ಅವ್ವ ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಹೇಳಿದಳು.